ಆರ್ಟಿಮೀಸಿಯಾ ಸಸಿಗೆ ಅಡ್ವಾನ್ಸ್ ಕೊಡುವ ಮುಂಚೆ

ಕಳೆದ ತಿಂಗಳು ಒಂದೇ ವಿಡಿಯೋವನ್ನು ನನಗೆ ಐದು ಜನ ಫಾರ್ವರ್ಡ್ ಮಾಡಿದ್ರು. ಹಸಿರು ಶರ್ಟು ಹಾಕಿದ ಒಬ್ಬರು ಸೊಂಪಾದ ಗಿಡಗಳ ನಡುವೆ ನಿಂತು ಮಾತಾಡ್ತಾರೆ. ಇದು ಮಲೇರಿಯಾ ಔಷಧದ ಗಿಡ, ನೊಬೆಲ್ ಬಂದಿರೋ ಗಿಡ, ಎಕರೆಗೆ ಎಂಟು ಲಕ್ಷ, ಸಸಿ ನಾವೇ ಕೊಡ್ತೀವಿ, ಎಲೆ ನಾವೇ ವಾಪಸ್ ಕೊಳ್ತೀವಿ. ಸಸಿಗೆ ಹತ್ತು ರೂಪಾಯಿ. ಕೆಳಗೆ ಒಂದು ಮೊಬೈಲ್ ನಂಬರು.

ಐದನೆಯವನು ಶನಿವಾರಸಂತೆ ಕಡೆಯ ಹುಡುಗ. ಎರಡು ಎಕರೆ ಗದ್ದೆ ನಾಲ್ಕು ವರ್ಷದಿಂದ ಪಾಳು ಬಿದ್ದಿದೆ. ನಾಟಿಗೆ ಆಳು ಸಿಗಲ್ಲ, ಸಿಕ್ಕಿದ್ರೆ ಕೂಲಿ ಕೊಟ್ಟು ಪೂರೈಸಲ್ಲ, ಬೆಳೆದದ್ದನ್ನ ಕಾಡುಹಂದಿ ಬಿಡಲ್ಲ. "ಅಣ್ಣಾ, ನೀವು ಹಾರ್ಟಿಕಲ್ಚರ್ ಓದಿದವರು. ಹಾಕ್ಲಾ ಬೇಡ್ವಾ, ಒಂದೇ ಮಾತಲ್ಲಿ ಹೇಳಿ" ಅಂದ.

ಒಂದೇ ಮಾತಲ್ಲಿ ಹೇಳೋದಾದ್ರೆ, ಬೇಡ. ಆದ್ರೆ "ಬೇಡ" ಅಂತ ಮಾತ್ರ ಹೇಳಿದ್ರೆ ಅವನು ನಾಳೆ ಇನ್ನೊಬ್ಬರನ್ನ ಕೇಳ್ತಾನೆ, ಅದು ನ್ಯಾಯವೂ ಹೌದು. ಹಾಗಾಗಿ ಕಾರಣಗಳನ್ನು ಇಲ್ಲಿ ಬರೀತಿದ್ದೀನಿ. ಇದರಲ್ಲಿ ಕೃಷಿಗಿಂತ ರಸಾಯನಶಾಸ್ತ್ರವೇ ಸ್ವಲ್ಪ ಜಾಸ್ತಿ ಇದೆ. ಬೇಸರ ಮಾಡಬೇಡಿ, ಈ ಗಿಡದ ಬೆಲೆ ನಿರ್ಧಾರ ಆಗೋದು ಅಲ್ಲೇ.

ಮೊದಲು ಗಿಡದ ಪರಿಚಯ. ಆರ್ಟಿಮೀಸಿಯಾ ಆನ್ಯುವಾ ಚೀನಾ ಕಡೆಯ ಗಿಡ, ಒಂದು ವರ್ಷದ ಆಯುಷ್ಯ. ಇದರ ಇಬ್ಬರು ನೆಂಟರು ನಮಗೆ ಚೆನ್ನಾಗಿ ಗೊತ್ತು. ಗಣೇಶ ಚೌತಿಗೆ ಏರಿಸುವ ಮಾಚಿಪತ್ರೆ ಒಬ್ಬ, ನಮ್ಮ ರಸ್ತೆ ಬದಿಯಲ್ಲಿ ಮಳೆ ಬಿದ್ದರೆ ಸಾಕು ಎದ್ದು ನಿಲ್ಲುತ್ತೆ. ಇನ್ನೊಬ್ಬ ದವನ, ಬೆಂಗಳೂರು ಕೋಲಾರದ ಕಡೆ ಹೂವಿನ ಜೊತೆ ಕಟ್ಟುವುದಕ್ಕೂ ಸುಗಂಧ ತೈಲಕ್ಕೂ ಬೆಳೀತಾರೆ. ಮೂವರೂ ಒಂದೇ ಕುಲ. ಆದರೆ ಮಲೇರಿಯಾ ಕೊಲ್ಲುವ ಆರ್ಟೆಮಿಸಿನಿನ್ ಅನ್ನೋ ಅಣು ಲೆಕ್ಕಕ್ಕೆ ಸಿಗುವಷ್ಟು ಇರೋದು ಆನ್ಯುವಾದಲ್ಲಿ ಮಾತ್ರ. "ನಮ್ಮ ಬೇಲಿಯಲ್ಲೇ ಇದೆ, ಕುಯ್ದು ಮಾರೋಣ" ಅಂತ ಮಾಚಿಪತ್ರೆಯ ಫೋಟೋ ಕಳಿಸಿದವರೂ ಇದ್ದಾರೆ. ಅದು ಆಗಲ್ಲ.

ಈಗ ಲೆಕ್ಕ. ಫೋನ್‌ನಲ್ಲಿ ಕ್ಯಾಲ್ಕ್ಯುಲೇಟರ್ ತೆಗೀರಿ.

ಒಂದೂವರೆ ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 20,000 ಸಸಿ. ಹತ್ತು ರೂಪಾಯಿಯಂತೆ ಎರಡು ಲಕ್ಷ. ಈ ಗಿಡದ ಬೀಜ ಎಷ್ಟು ಸಣ್ಣದು ಅಂದ್ರೆ ಒಂದು ಗ್ರಾಮಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಇರುತ್ತೆ. ಮೊಳಕೆ ಅರ್ಧಕ್ಕರ್ಧ ಹೋದ್ರೂ ನಾಲ್ಕು ಗ್ರಾಂ ಬೀಜದಲ್ಲಿ ಒಂದು ಎಕರೆಯ ಸಸಿ ಆಗುತ್ತೆ. ವಿಡಿಯೋದವರ ಸುಗ್ಗಿ ಯಾವಾಗ ಅಂತ ಇಲ್ಲೇ ಗೊತ್ತಾಗಲ್ವಾ?

ಇನ್ನು ಎಲೆ. ಉತ್ತರ ಭಾರತದ ಒಳ್ಳೆ ಭೂಮಿಯಲ್ಲಿ ಎಕರೆಗೆ ಎಂಟು ಕ್ವಿಂಟಾಲ್ ಒಣ ಎಲೆ ಬಂತು ಅಂತ ಇಟ್ಟುಕೊಳ್ಳಿ. ಒಣ ಎಲೆಯಲ್ಲಿ ಶೇಕಡಾ 0.8 ಔಷಧ ಅಂದರೆ ಒಳ್ಳೆಯ ತಳಿಯೇ. 6.4 ಕಿಲೋ ಆಯ್ತು. ಫ್ಯಾಕ್ಟರಿಯಲ್ಲಿ ಅದನ್ನ ಹಿಂಡಿ ತೆಗೆಯುವಾಗ ಐದನೇ ಒಂದು ಭಾಗ ಹೋಗುತ್ತೆ ಅಂದುಕೊಂಡ್ರೆ ಉಳಿಯೋದು ಐದು ಕಿಲೋ. ಶುದ್ಧ ಆರ್ಟೆಮಿಸಿನಿನ್ ಕಿಲೋಗೆ 250 ಡಾಲರ್ ಹಾಕಿ, ಡಾಲರಿಗೆ 85 ರೂಪಾಯಿ ಹಾಕಿ. ಒಟ್ಟು ಒಂದು ಲಕ್ಷ ಚಿಲ್ಲರೆ. ನೆನಪಿಡಿ, ಇದು ಔಷಧ ಕಂಪನಿಯ ಬಾಗಿಲಲ್ಲಿ ಬಿಳಿ ಪುಡಿಯ ಬೆಲೆ, ನಿಮ್ಮ ಕಣದಲ್ಲಿ ಎಲೆಯ ಬೆಲೆ ಅಲ್ಲ. ದ್ರಾವಕ, ಕರೆಂಟು, ಲಾರಿ, ದಲ್ಲಾಳಿ ಎಲ್ಲ ಕಳೆದ ಮೇಲೆ ರೈತನಿಗೆ ಬರೋದು ಅದರ ಒಂದು ತುಂಡು. ಎಂಟು ಲಕ್ಷ ಬರಬೇಕಾದ್ರೆ ಎಲೆಯ ಜೊತೆ ಗದ್ದೆಯನ್ನೂ ಮಾರಬೇಕು.

ಇಷ್ಟಕ್ಕೂ ಕೊಡಗಿನಲ್ಲಿ ಎಂಟು ಕ್ವಿಂಟಾಲ್ ಬರುತ್ತಾ? ಬರಲ್ಲ ಅಂತಲೇ ನನ್ನ ಅನಿಸಿಕೆ. ಇದನ್ನ ಯಾವ ವಿಡಿಯೋನೂ ಹೇಳಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಆನ್ಯುವಾ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ "ಬೆಳೆದದ್ದು ಸಾಕು" ಅಂತ ಮೊಗ್ಗು ಹಾಕುತ್ತೆ. ಲಕ್ನೋದಲ್ಲಿ ಬೇಸಿಗೆಯ ಹಗಲು ಅದಕ್ಕಿಂತ ಉದ್ದ, ಹಾಗಾಗಿ ಅಲ್ಲಿ ಗಿಡ ಆಳೆತ್ತರ ಬೆಳೆದು ಎಲೆ ತುಂಬಿಕೊಳ್ಳುತ್ತೆ. ಮಡಿಕೇರಿಯಲ್ಲಿ ವರ್ಷದ ಅತಿ ಉದ್ದದ ಹಗಲೇ, ಅಂದರೆ ಜೂನ್ 21ರದ್ದೇ, ಹದಿಮೂರು ಗಂಟೆ ಮುಟ್ಟಲ್ಲ. ಗಿಡಕ್ಕೆ ಇಲ್ಲಿ ವರ್ಷವಿಡೀ ಹೂ ಬಿಡುವ ಕಾಲ. ಎರಡು ವರ್ಷದ ಹಿಂದೆ ಕುತೂಹಲಕ್ಕೆ ನಲವತ್ತು ಸಸಿ ಮಾಡಿ ಮನೆ ಹಿಂದೆ ನೆಟ್ಟು ನೋಡಿದ್ದೆ. ಫೆಬ್ರವರಿಯಲ್ಲಿ ಬಿತ್ತಿದ್ದು, ಮೇ ಬರುವ ಹೊತ್ತಿಗೆ ಮೊಣಕಾಲೆತ್ತರಕ್ಕೇ ಮೊಗ್ಗು. ಜೂನ್ ಮಳೆಗೆ ಉಳಿದದ್ದೂ ಕೊಳೆತು ಹೋಯ್ತು. ಅಮ್ಮ ಮಾತ್ರ "ವಾಸನೆ ಚೆನ್ನಾಗಿದೆ, ಸೊಳ್ಳೆಗೆ ಹೊಗೆ ಹಾಕಕ್ಕಾಯ್ತು" ಅಂದ್ರು.

ಆಫ್ರಿಕಾದಲ್ಲಿ ಭೂಮಧ್ಯರೇಖೆ ಹತ್ತಿರವೇ, ಕೀನ್ಯಾ ಟಾಂಜಾನಿಯಾದಲ್ಲಿ ಬೆಳೀತಾರಲ್ಲ ಅಂತ ನೀವು ಕೇಳಬಹುದು. ಬೆಳೀತಾರೆ. ಅಲ್ಲಿಗೆ ಅಂತಲೇ ತಡವಾಗಿ ಹೂ ಬಿಡುವ ಹೈಬ್ರಿಡ್ ತಳಿ ಬಂದಿದೆ, ಸ್ವಿಟ್ಜರ್ಲೆಂಡಿನಲ್ಲಿ ಮಾಡಿದ್ದು. ವಿಡಿಯೋದವರ ಸಸಿ ಯಾವ ತಳಿ ಅಂತ ಕೇಳಿ ನೋಡಿ. "ಒರಿಜಿನಲ್ ಚೈನಾ" ಅಂತಾರೆ. ಲಕ್ನೋದ ಸೀಮ್ಯಾಪ್ ಸಂಸ್ಥೆ ನಮ್ಮ ದೇಶಕ್ಕೆ "ಜೀವನ್ ರಕ್ಷಾ", "ಸಿಮ್ ಆರೋಗ್ಯ" ಅನ್ನೋ ತಳಿಗಳನ್ನ ಕೊಟ್ಟಿದೆ. ಇಪ್ಕಾ ಲ್ಯಾಬೊರೇಟರೀಸ್ ಅನ್ನೋ ಔಷಧ ಕಂಪನಿ ಆ ಕಡೆಯ ರೈತರ ಜೊತೆ ಒಪ್ಪಂದ ಮಾಡಿಕೊಂಡು ಬೆಳೆಸಿದ್ದೂ ನಿಜ. ಆದರೆ ಅದು ಉತ್ತರ ಪ್ರದೇಶ, ಮಧ್ಯಪ್ರದೇಶದ ಬಯಲು. ಚಳಿಗಾಲದಲ್ಲಿ ಸಸಿಮಡಿ, ಬೇಸಿಗೆಯ ಬಿಸಿಲಲ್ಲಿ ಎಲೆ ಒಣಗೋದು. ನಮ್ಮ ಜೂನ್ ಜುಲೈನಲ್ಲಿ ಎಲೆ ಒಣಗಿಸೋದಿರಲಿ, ಒಗೆದ ಪಂಚೆಯೇ ಒಲೆ ಮೇಲೆ ಕಟ್ಟಿದ್ರೂ ಒಣಗಲ್ಲ.

ಇಷ್ಟು ಬೇಸಾಯದ ಮಾತು. ತಳಿ ಸಿಕ್ಕರೆ, ಡ್ರೈಯರ್ ಹಾಕಿದರೆ ಇವನ್ನೆಲ್ಲ ದಾಟಬಹುದು ಅಂತಲೇ ಇಟ್ಟುಕೊಳ್ಳಿ. ನನಗೆ ನಿಜವಾದ ಭಯ ಇರೋದು ಇನ್ನೊಂದು ಕಡೆ.

ಈ ಔಷಧದ ಕತೆ ಶುರುವಾಗೋದು 1967ರ ಮೇ 23ಕ್ಕೆ. ವಿಯೆಟ್ನಾಂ ಯುದ್ಧದಲ್ಲಿ ಮಲೇರಿಯಾಕ್ಕೂ ಸೈನಿಕರು ಸಾಯ್ತಿದ್ರು. ಚೀನಾ ಸರ್ಕಾರ ಒಂದು ಗುಟ್ಟಿನ ಯೋಜನೆ ಶುರು ಮಾಡ್ತು, ತಾರೀಕಿನ ಮೇಲೇ ಅದಕ್ಕೆ 523 ಅಂತ ಹೆಸರು. ತು ಯೂಯೂ ಅನ್ನೋ ಮಹಿಳೆ ಹಳೆಯ ವೈದ್ಯ ಗ್ರಂಥಗಳನ್ನ ಜಾಲಾಡಿದ್ರು. ಸಾವಿರದ ಆರುನೂರು ವರ್ಷ ಹಳೆಯ ಒಂದು ಪುಸ್ತಕದಲ್ಲಿ ಈ ಗಿಡವನ್ನ ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ ಅಂತ ಇತ್ತು. ಕುದಿಸು ಅಂತ ಇರಲಿಲ್ಲ. ಬಿಸಿಗೆ ಔಷಧ ಹಾಳಾಗ್ತಿದೆ ಅಂತ ಅವರಿಗೆ ಹೊಳೀತು. ನೀರು ಬಿಟ್ಟು ಕಡಿಮೆ ಉಷ್ಣತೆಯಲ್ಲೇ ಆವಿಯಾಗುವ ಈಥರ್‌ನಲ್ಲಿ ಸಾರ ತೆಗೆದ್ರು, ಕೆಲಸ ಮಾಡ್ತು. 1972ರಲ್ಲಿ ಶುದ್ಧ ಹರಳು ಕೈಗೆ ಬಂತು. 2015ರಲ್ಲಿ ನೊಬೆಲ್.

ಆ ಹರಳಿನ ಅಣುವಿನಲ್ಲಿ ಎರಡು ಆಮ್ಲಜನಕದ ಪರಮಾಣುಗಳು ಒಂದಕ್ಕೊಂದು ಕೈ ಹಿಡಿದು ಸೇತುವೆ ಥರ ಕೂತಿವೆ. ಮಲೇರಿಯಾ ಪರಾವಲಂಬಿ ನಮ್ಮ ರಕ್ತ ತಿಂದು ಕಬ್ಬಿಣ ಉಳಿಸುತ್ತಲ್ಲ, ಆ ಕಬ್ಬಿಣ ಸೋಕಿದ ಕೂಡಲೇ ಸೇತುವೆ ಮುರಿದು ಬೀಳುತ್ತೆ. ಮುರಿದ ಚೂರುಗಳು ಪರಾವಲಂಬಿಯ ಒಳಗೆಲ್ಲ ಹಾನಿ ಮಾಡ್ತವೆ. ತಿಂದ ಊಟವೇ ಅದಕ್ಕೆ ಮುಳುವು. ಇಷ್ಟು ಅರ್ಥ ಆದ ದಿನದಿಂದ ಜಗತ್ತಿನ ರಸಾಯನ ವಿಜ್ಞಾನಿಗಳು ಕೇಳ್ತಿರೋದು ಒಂದೇ ಪ್ರಶ್ನೆ. ಬೇಕಾಗಿರೋದು ಆ ಸೇತುವೆ. ಅದಕ್ಕೆ ಗಿಡವೇ ಬೇಕಾ?

ಮೊದಲು ಗಿಡ ಬಿಟ್ಟು ಪೂರ್ತಿ ಲ್ಯಾಬಿನಲ್ಲೇ ಕಟ್ಟಿ ನೋಡಿದ್ರು, 1983ರಲ್ಲಿ ಆಯ್ತೂ ಕೂಡ. ಆದ್ರೆ ಹೆಜ್ಜೆಗಳು ಜಾಸ್ತಿ, ಖರ್ಚು ಜಾಸ್ತಿ, ಗಿಡವೇ ಅಗ್ಗ ಅಂತ ಬಿಟ್ರು. ಆಮೇಲೆ ಬಂದದ್ದು ಯೀಸ್ಟು, ನಮ್ಮ ಅಪ್ಪದ ಹಿಟ್ಟು ಹುದುಗಿಸುವ ಅದೇ ಜಾತಿ ಜೀವಿ. ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ತಂಡ ಆನ್ಯುವಾ ಗಿಡದ ಜೀನುಗಳನ್ನ ಯೀಸ್ಟಿಗೆ ಸೇರಿಸಿ, 2006ರಲ್ಲಿ ಆರ್ಟೆಮಿಸಿನಿಕ್ ಆಮ್ಲ ಅನ್ನೋ ಅರ್ಧ ತಯಾರಾದ ಸರಕನ್ನ ಬರಿಸ್ತು. 2013ರ ಹೊತ್ತಿಗೆ ಲೀಟರಿಗೆ 25 ಗ್ರಾಂ. ಸಕ್ಕರೆ ಸುರಿದರೆ ಔಷಧ. ಗೇಟ್ಸ್ ಫೌಂಡೇಷನ್ ದುಡ್ಡು ಕೊಟ್ಟಿತ್ತು, ಸನೋಫಿ ಕಂಪನಿ ಇಟಲಿಯ ಗಾರೆಸ್ಸಿಯೋದಲ್ಲಿ ಫ್ಯಾಕ್ಟರಿ ನಡೆಸ್ತು, ವರ್ಷಕ್ಕೆ 50-60 ಟನ್ ಮಾಡುವ ಸಾಮರ್ಥ್ಯ. ಜಗತ್ತಿನ ಬೇಡಿಕೆಯ ದೊಡ್ಡ ಪಾಲು ಒಂದೇ ಕಟ್ಟಡದಲ್ಲಿ.

ಆಗ ಏನಾಯ್ತು ಗೊತ್ತಾ? ಫ್ಯಾಕ್ಟರಿ ಸೋತಿತು. ಅವರಿಗೆ ಲಾಭ ಇಲ್ಲದೆ ಮಾರಿದ್ರೂ ಕಿಲೋಗೆ 350 ಡಾಲರ್ ಮೇಲೆ ಬೀಳ್ತಿತ್ತು, ಎಲೆಯಿಂದ ತೆಗೆದದ್ದು 250ರ ಒಳಗೆ ಸಿಗ್ತಿತ್ತು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು, ಆಮೇಲೆ ಘಟಕವನ್ನೇ ಬಲ್ಗೇರಿಯಾ ಮೂಲದ ಹ್ಯೂವಿಫಾರ್ಮಾಕ್ಕೆ ಮಾರಿದ್ರು.

ಇದನ್ನ ಓದಿ "ನೋಡಿ, ರೈತ ಗೆದ್ದ" ಅಂತ ಸ್ಟೇಟಸ್ ಹಾಕಿದವರಿದ್ದಾರೆ. ನನಗೆ ಹಾಗೆ ಕಾಣಲ್ಲ. ಎಲೆ ಯಾಕೆ ಗೆದ್ದಿತು? ಅಗ್ಗವಾಗಿದ್ದಕ್ಕೆ. ಯಾಕೆ ಅಗ್ಗವಾಯ್ತು? 2004ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿನಿಂದ ಬೇಡಿಕೆ ಏರಿ ಎಲೆಗೆ ಬರ ಬಂತು. ಬೆಲೆ ನೋಡಿ ಚೀನಾ, ವಿಯೆಟ್ನಾಂ, ಆಫ್ರಿಕಾದ ಸಾವಿರಾರು ಸಣ್ಣ ರೈತರು ಒಟ್ಟಿಗೇ ನೆಟ್ಟರು. 2005ರಿಂದ 2008ರ ಒಳಗೆ ಕಿಲೋ ಆರ್ಟೆಮಿಸಿನಿನ್ ಬೆಲೆ 1,200 ಡಾಲರೂ ಕಂಡಿತು, 120 ಡಾಲರೂ ಕಂಡಿತು. ಹತ್ತು ಪಟ್ಟು ವ್ಯತ್ಯಾಸ. ಯೀಸ್ಟಿನ ಫ್ಯಾಕ್ಟರಿಗೆ ನಷ್ಟ ಆದಾಗ ಅದನ್ನ ಮಾರಿ ಎದ್ದು ಹೋಗುವ ದಾರಿ ಇತ್ತು. 120 ಡಾಲರಿನ ವರ್ಷದಲ್ಲಿ ಎಲೆ ಒಣಗಿಸಿ ಕೂತವನಿಗೆ ಯಾವ ದಾರಿ ಇತ್ತು?

ಫ್ಯಾಕ್ಟರಿ ಸೋತರೂ ಸಂಶೋಧನೆ ನಿಂತಿಲ್ಲ. ಬರ್ಲಿನ್ ಹತ್ತಿರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಪೀಟರ್ ಸೀಬರ್ಗರ್ 2012ರಲ್ಲಿ ತೋರಿಸಿದ್ದು ನನಗೆ ಬಹಳ ಇಷ್ಟದ ಕೆಲಸ. ಎಲೆಯಿಂದ ಔಷಧ ತೆಗೆದ ಮೇಲೆ ಉಳಿಯುವ ಸಾರದಲ್ಲಿ ಇನ್ನೂ ಬೇಕಾದಷ್ಟು ಅರ್ಧ ತಯಾರಾದ ಸರಕು ಇರುತ್ತೆ. ಅದನ್ನ ಸಣ್ಣ ಪಾರದರ್ಶಕ ಕೊಳವೆಯಲ್ಲಿ ಹರಿಸಿ, ದೀಪ ಹಾಕಿ, ಆಮ್ಲಜನಕ ಬಿಟ್ಟರೆ ನಿಮಿಷಗಳಲ್ಲಿ ಆರ್ಟೆಮಿಸಿನಿನ್ ಆಗಿ ಹೊರಬರುತ್ತೆ. 2018ರಲ್ಲಿ ಅದೇ ಬಳಗ ಇನ್ನೊಂದು ಹೆಜ್ಜೆ ಹೋಗಿ, ಬೆಳಕು ಹಿಡಿಯೋದಕ್ಕೆ ಬೇರೆ ಬಣ್ಣದ ರಾಸಾಯನಿಕವೇ ಬೇಡ, ಎಲೆಯ ಹಸಿರು ಸಾಕು ಅಂತ ತೋರಿಸ್ತು. ಗಿಡದ ಒಳಗೂ ಕೊನೆಯ ಹೆಜ್ಜೆ ಬೆಳಕು ಮತ್ತು ಗಾಳಿಯಿಂದಲೇ ಆಗುತ್ತೆ ಅಂತ ಈಗಿನ ತಿಳಿವಳಿಕೆ, ಅವರು ಅದನ್ನೇ ಕೊಳವೆಯೊಳಗೆ ಮಾಡಿದ್ರು. ಜಾಣತನ, ಒಪ್ಪಲೇಬೇಕು. ಆದರೆ ರೈತನ ಕಣ್ಣಲ್ಲಿ ನೋಡಿ. ಅದೇ ಎಲೆಯಿಂದ ಹೆಚ್ಚು ಔಷಧ ಬಂದರೆ, ಅಷ್ಟೇ ಔಷಧಕ್ಕೆ ಕಡಿಮೆ ಎಲೆ ಸಾಕು.

ಇನ್ನೊಂದು ದಾರಿ ನಮ್ಮ ಪಕ್ಕದ ಬೆಳೆಯದ್ದು. 2016ರಲ್ಲಿ ದೆಹಲಿಯ ಐಸಿಜಿಇಬಿ ಸಂಸ್ಥೆಯ ಶಶಿ ಕುಮಾರ್ ತಂಡ ಈ ಜೀನುಗಳನ್ನ ತಂಬಾಕಿನ ಗಿಡಕ್ಕೆ ಸೇರಿಸಿ, ಅದರ ಎಲೆಯಲ್ಲೇ ಆರ್ಟೆಮಿಸಿನಿನ್ ಬರಿಸ್ತು, ಇಲಿಗಳಿಗೆ ತಿನ್ನಿಸಿ ಫಲ ಕಂಡಿತು. ಇನ್ನೂ ಹೊಲಕ್ಕೆ ಬಂದಿಲ್ಲ. ಒಂದು ವೇಳೆ ಬಂದರೆ ಹುಣಸೂರು, ಪಿರಿಯಾಪಟ್ಟಣದವರು ತಂಬಾಕು ಬೆಳೆಯೋದರಲ್ಲಿ ನಮಗಿಂತ ನೂರು ಹೆಜ್ಜೆ ಮುಂದೆ ಇದ್ದಾರೆ, ಒಣಗಿಸುವ ಬ್ಯಾರನ್ನೂ ಅವರ ಹತ್ತಿರ ಇದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಗಿಡವನ್ನೇ ಕೈಬಿಟ್ಟದ್ದು. ಆ ಆಮ್ಲಜನಕದ ಸೇತುವೆಯನ್ನ ಮಾತ್ರ ಇಟ್ಟುಕೊಂಡು ಪೂರ್ತಿ ಕೃತಕ ಅಣು ಕಟ್ಟಿದ್ರು, ಹೆಸರು ಆರ್ಟೆರೊಲೇನ್. ಅದನ್ನ 2012ರಲ್ಲಿ ಸಿನ್‌ರಿಯಾಮ್ ಅಂತ ಮಾರುಕಟ್ಟೆಗೆ ತಂದದ್ದು ನಮ್ಮ ದೇಶದ್ದೇ ಆದ ರ‍್ಯಾನ್‌ಬಾಕ್ಸಿ. ಅದು ಎಲೆಯ ಔಷಧವನ್ನ ಓಡಿಸಲಿಲ್ಲ, ನಿಜ. ಆದ್ರೆ ಬಾಗಿಲು ತೆರೀತು. ಈಗಂತೂ ಇನ್ನೊಂದು ಒತ್ತಡ ಇದೆ. 2008ರ ಹೊತ್ತಿಗೆ ಕಾಂಬೋಡಿಯಾದಲ್ಲಿ, ಆಮೇಲೆ ರುವಾಂಡಾ, ಉಗಾಂಡಾದಲ್ಲಿ ಆರ್ಟೆಮಿಸಿನಿನ್‌ಗೆ ನಿಧಾನಕ್ಕೆ ಬಗ್ಗುವ ಪರಾವಲಂಬಿ ಕಂಡಿದೆ. ಹಾಗಾಗಿ ದೊಡ್ಡ ಕಂಪನಿಗಳ ದುಡ್ಡು ಹರೀತಿರೋದು ಆರ್ಟೆಮಿಸಿನಿನ್ ಇಲ್ಲದ ಹೊಸ ಔಷಧಗಳ ಕಡೆಗೆ. ಭಾರತಕ್ಕೆ 2030ಕ್ಕೆ ಮಲೇರಿಯಾ ಮುಕ್ತ ಆಗುವ ಗುರಿ ಇದೆ. ಮನುಷ್ಯನಾಗಿ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ಆದ್ರೆ ಯಾವ ಕಾಯಿಲೆ ಇಲ್ಲದಂತೆ ಮಾಡಬೇಕು ಅಂತ ಜಗತ್ತೇ ನಿಂತಿದೆಯೋ, ಅದರ ಔಷಧದ ಎಲೆಯ ಮೇಲೆ ಮಗಳ ಓದಿನ ಖರ್ಚು ಇಟ್ಟುಕೊಂಡು ಕೂರಬಹುದಾ?

ಹೊಸ ಬಳಕೆ ಬರುತ್ತಲ್ಲ ಅಂತಾರೆ ವಿಡಿಯೋದವರು. 2024ರಲ್ಲಿ ಚೀನಾದ ವಿಜ್ಞಾನಿಗಳು ಹೆಣ್ಣುಮಕ್ಕಳ ಪಿಸಿಒಎಸ್ ಸಮಸ್ಯೆಗೆ ಇದೇ ಜಾತಿಯ ಔಷಧ ಕೊಟ್ಟು ಒಳ್ಳೆ ಫಲ ಕಂಡರು, ಅದು ನಿಜ. ಕೊಟ್ಟಿದ್ದು 19 ಜನರಿಗೆ. ಹತ್ತೊಂಬತ್ತು ಜನರ ಪ್ರಯೋಗ ನಂಬಿ ಇಪ್ಪತ್ತು ಸಾವಿರ ಸಸಿ ನೆಡೋದು ಧೈರ್ಯ ಅಲ್ಲ.

ಈ ಚಕ್ರ ಹೊಸದೇನಲ್ಲ, ಕಾಫಿಯವರು ಒಮ್ಮೆ ನೋಡಿ ಆಗಿದೆ. ಆರ್ಟೆಮಿಸಿನಿನ್‌ಗೂ ಮುಂಚೆ ಚಳಿಜ್ವರಕ್ಕೆ ಇದ್ದದ್ದು ಕ್ವಿನೈನ್, ಸಿಂಕೋನಾ ಮರದ ತೊಗಟೆಯದ್ದು. 1860ರ ದಶಕದಲ್ಲಿ ಬ್ರಿಟಿಷರು ನಮ್ಮ ಪಕ್ಕದ ನೀಲಗಿರಿಯಲ್ಲಿ ಸಿಂಕೋನಾ ತೋಟ ಮಾಡಿದ್ರು. 1869ರಲ್ಲಿ ಸಿಲೋನಿನ ಕಾಫಿಗೆ ಎಲೆ ತುಕ್ಕು ರೋಗ ಬಿತ್ತು. ತೋಟ ಹೋದ ಪ್ಲಾಂಟರುಗಳು ಸಿಂಕೋನಾಕ್ಕೆ ನುಗ್ಗಿದ್ರು. ಎಂಬತ್ತರ ದಶಕದಲ್ಲಿ ತೊಗಟೆ ರಾಶಿ ಬಿದ್ದು ಬೆಲೆ ಪಾತಾಳ ಕಂಡಿತು, ಮರ ಕಿತ್ತು ಚಹಾ ಹಾಕಿದ್ರು. ಆಮೇಲೆ ಜಾವಾದ ಡಚ್ಚರು ಹೆಚ್ಚು ಕ್ವಿನೈನ್ ಇರುವ ತಳಿ ಬೆಳೆಸಿ ಮಾರುಕಟ್ಟೆ ಹಿಡಿದ್ರು. 1942ರಲ್ಲಿ ಜಪಾನ್ ಜಾವಾ ಹಿಡಿದಾಗ ತೊಗಟೆ ಸಿಗದ ದೇಶಗಳು ಲ್ಯಾಬಿಗೆ ಓಡಿದವು. ಯುದ್ಧ ಮುಗಿದ ಮೇಲೆ ಕ್ಲೋರೋಕ್ವಿನ್ ಮಾತ್ರೆ ಬಂತು. ಇವತ್ತು ಕ್ವಿನೈನ್ ಹೆಚ್ಚಾಗಿ ನೆನಪಾಗೋದು ಟಾನಿಕ್ ವಾಟರಿನ ಕಹಿಯಲ್ಲಿ.

ವೆನಿಲ್ಲಾ ಬಗ್ಗೆ ನಾನು ಹೇಳಬೇಕಾಗಿಲ್ಲ, ನಿಮ್ಮ ಮನೆಯಲ್ಲೇ ಹೇಳ್ತಾರೆ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡೀತು, ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಗಳಲ್ಲಿ ರೇಟು. ನಾನಾಗ ಹೈಸ್ಕೂಲು. ಕಳ್ಳರಿಗೆ ಹೆದರಿ ಅಪ್ಪ ಟಾರ್ಚು ಹಿಡಿದು ರಾತ್ರಿ ತೋಟ ಕಾಯ್ತಿದ್ರು. ಎರಡೇ ವರ್ಷದಲ್ಲಿ ಕೇಳುವವರಿಲ್ಲ, ಕಳ್ಳರೂ ಬರೋದು ಬಿಟ್ರು.

ನಾನು ಸಾವಯವದವನು, ಔಷಧ ಗಿಡಗಳ ವಿರೋಧಿ ಅಲ್ಲ. ಆದರೆ ಇಷ್ಟು ವರ್ಷ ನೋಡಿದ ಮೇಲೆ ಬೆಳೆಗಳನ್ನ ನಾನು ಎರಡು ಗುಂಪು ಮಾಡ್ತೀನಿ. ಅದಾಗಿಯೇ ಮಾರಾಟ ಆಗುವ ಬೆಳೆ ಒಂದು, ಒಳಗಿನ ಒಂದೇ ಒಂದು ಅಣುವಿಗಾಗಿ ಮಾರಾಟ ಆಗುವ ಬೆಳೆ ಇನ್ನೊಂದು. ಕಾಫಿಯ ಘಮದಲ್ಲಿ ನೂರಾರು ವಸ್ತುಗಳಿವೆ, ಏಲಕ್ಕಿಯಲ್ಲೂ ಹಾಗೇ. ಲ್ಯಾಬಿನವರು ಅದನ್ನ ಪೂರ್ತಿ ನಕಲು ಮಾಡಿ ಕಾಫಿಗಿಂತ ಅಗ್ಗಕ್ಕೆ ಕೊಡಕ್ಕಾಗಿಲ್ಲ. ಕಾಫಿಯ ಬೆಲೆಯೂ ಬೀಳುತ್ತೆ, ಅಳಿಸುತ್ತೆ, ಗೊತ್ತು. ಆದ್ರೆ ಅದನ್ನ ಕುಡಿಯುವವನಿಗೆ ಕಾಫಿಯೇ ಬೇಕು. ಮಲೇರಿಯಾ ರೋಗಿಗೆ ಆನ್ಯುವಾ ಬೇಕಿಲ್ಲ, ಜ್ವರ ಇಳಿಯಬೇಕು. ನಮ್ಮ ಕಾಚಂಪುಳಿಯಲ್ಲೇ ಎರಡೂ ಕಾಣಬಹುದು. ಪಂದಿಕರಿಗೆ ಹಾಕುವವರು ಅದರ ಕಪ್ಪು ಹುಳಿಗಾಗಿಯೇ ತಲೆತಲಾಂತರದಿಂದ ಕೊಳ್ತಿದ್ದಾರೆ. 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಆ ಹಣ್ಣಿನ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ ಗುರುತಿಸಿದ್ರು. ಮುಂದೆ ತೂಕ ಇಳಿಸುವ ಮಾತ್ರೆಗೆ ಅದೊಂದೇ ಬೇಕು ಅಂತ ಇನ್ನೊಂದು ಮಾರುಕಟ್ಟೆ ಹುಟ್ಟಿತು. 1998ರಲ್ಲಿ ಅಮೆರಿಕದ ಒಂದು ಪ್ರಯೋಗ ತೂಕ ಇಳಿಯಲಿಲ್ಲ ಅಂತ ಹೇಳಿತು. ಆ ವರದಿಗೆ ಪಂದಿಕರಿ ಮಾಡುವವರು ಹೆದರಲಿಲ್ಲ.

ಒಂದು ಎಚ್ಚರಿಕೆ ಪ್ರತ್ಯೇಕವಾಗಿ ಹೇಳಬೇಕು. ಎಲೆ ಮಾರಾಟ ಆಗದಿದ್ರೆ ಟೀ ಪುಡಿ ಮಾಡಿ ಮಾರಿ ಅಂತಲೂ ಆ ವಿಡಿಯೋದಲ್ಲಿ ಇದೆ. ದಯವಿಟ್ಟು ಬೇಡ. 2020ರಲ್ಲಿ ಮಡಗಾಸ್ಕರಿನ ಅಧ್ಯಕ್ಷರೇ ಕೊರೊನಾಕ್ಕೆ ಅಂತ ಇದೇ ಗಿಡದ ಕಷಾಯ ಹಂಚಿದ್ರು, ಪುರಾವೆ ಸಿಗಲಿಲ್ಲ. ಮಲೇರಿಯಾಕ್ಕೂ ಈ ಗಿಡದ ಟೀ, ಪುಡಿ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಒಂದೊಂದು ಲೋಟದಲ್ಲಿ ಒಂದೊಂದು ಪ್ರಮಾಣ, ಅರ್ಧಂಬರ್ಧ ಔಷಧ ಕುಡಿದ್ರೆ ಜ್ವರ ಇಳಿದ ಹಾಗೆ ಆಗಿ ಮತ್ತೆ ಏರುತ್ತೆ, ಬದುಕಿ ಉಳಿದ ಪರಾವಲಂಬಿ ಗಟ್ಟಿಯಾಗುತ್ತೆ. ತೋಟದ ಲೈನಿನಲ್ಲಿ ಯಾರಿಗಾದ್ರೂ ಚಳಿಜ್ವರ ಬಂದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಕರೆದುಕೊಂಡು ಹೋಗಿ.

ಇಷ್ಟೆಲ್ಲ ಓದಿಯೂ "ಹಾಕೇ ಹಾಕ್ತೀನಿ" ಅನ್ನುವವರಿಗೆ, ನನ್ನ ಮನಸ್ಸು ಬದಲಾಗೋದಕ್ಕೆ ಏನು ಬೇಕು ಅಂತ ಹೇಳ್ತೀನಿ. ಔಷಧ ಕಂಪನಿಯೇ ಸಹಿ ಹಾಕಿದ ಕರಾರು ಬೇಕು, ಸಸಿ ಮಾರುವವನದ್ದಲ್ಲ. ಬೆಲೆ ಒಣ ಎಲೆಯ ತೂಕಕ್ಕೋ ಅದರಲ್ಲಿರುವ ಔಷಧದ ಪ್ರಮಾಣಕ್ಕೋ, ಅಳೆಯೋದು ಯಾರ ಲ್ಯಾಬು, ರೈತ ಇನ್ನೊಂದು ಕಡೆ ಪರೀಕ್ಷೆ ಮಾಡಿಸಬಹುದಾ ಅಂತ ಅದರಲ್ಲಿ ಬರೆದಿರಬೇಕು. ಹನ್ನೆರಡು ಡಿಗ್ರಿ ಅಕ್ಷಾಂಶದಲ್ಲಿ ಆ ತಳಿ ಎಷ್ಟು ಎಲೆ ಕೊಟ್ಟಿದೆ ಅನ್ನೋ ದಾಖಲೆ ಬೇಕು. ಸೀಮ್ಯಾಪ್‌ನ ಕೇಂದ್ರ ಬೆಂಗಳೂರಿನಲ್ಲೇ ಇದೆ, ಒಂದು ಫೋನ್ ಮಾಡಿದ್ರೆ ತಳಿ ವಿಚಾರ ಕೇಳಬಹುದು. ಹತ್ತಿರದಲ್ಲಿ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವೂ ಇದೆ, ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರವೂ ಇದೆ. ಅಲ್ಲಿ ಕೇಳದೆ ಅಡ್ವಾನ್ಸ್ ಹಾಕಬೇಡಿ. ಮೊದಲ ವರ್ಷ ಹತ್ತು ಸೆಂಟಿನ ಮೇಲೆ ಹೋಗಬೇಡಿ.

ಶನಿವಾರಸಂತೆಯ ಹುಡುಗನಿಗೆ ಇದನ್ನೆಲ್ಲ ಫೋನಿನಲ್ಲಿ ಮುಕ್ಕಾಲು ಗಂಟೆ ಹೇಳಿದೆ. ಪಾಳು ಗದ್ದೆಗೆ ಬದಲಿ ಏನು ಅಂತ ಕೇಳಿದ. ಅದಕ್ಕೆ ನನ್ನ ಹತ್ತಿರ ರೆಡಿ ಉತ್ತರ ಇಲ್ಲ, ಮುಂದಿನ ವಾರ ಗದ್ದೆ ನೋಡಕ್ಕೆ ಹೋಗ್ತಿದ್ದೀನಿ. ಅಡ್ವಾನ್ಸ್ ಅವನು ಇನ್ನೂ ಕೊಟ್ಟಿಲ್ಲ. ಕರಾರಿನ ಪ್ರತಿ, ತಳಿಯ ಹೆಸರು ಎರಡನ್ನೂ ಕಳಿಸಿ ಅಂತ ವಿಡಿಯೋದ ನಂಬರಿಗೆ ಮೆಸೇಜ್ ಹಾಕಿದ್ದಾನೆ. ನೀಲಿ ಟಿಕ್ ಬಂದು ಒಂಬತ್ತು ದಿನ ಆಯ್ತು.